ಹೈಡ್ರಾಲಿಕ್ ಯಂತ್ರವನ್ನು ಅರಿಯುವ ಮತ್ತು ಕರಾವಳಿಯಲ್ಲಿ ಕಾಪಾಡಿಕೊಳ್ಳುವ ಬಗೆ

ಹಂಚಿನ ಮನೆಯಲ್ಲಿ ಬೆಳೆದವರಿಗೆ ಸೋರಿಕೆಯ ಗುಣವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆಟಿಯ ಮಳೆಯಲ್ಲಿ ಚಾವಡಿಯ ನಡುವೆ ಹನಿ ಬೀಳುತ್ತಿದ್ದರೆ ಒಡೆದ ಹಂಚು ಅದರ ನೇರ ಮೇಲೆಯೇ ಇರಬೇಕೆಂದಿಲ್ಲ. ನೀರು ಪಕ್ಕಾಸಿನ ಗುಂಟ ಹರಿದು ಬಂದು ತನಗೆ ಸರಿಕಂಡಲ್ಲಿ ಕೆಳಗಿಳಿದಿರುತ್ತದೆ. ಹೈಡ್ರಾಲಿಕ್ ಯಂತ್ರಗಳ ಇನ್ನೂರಕ್ಕೂ ಹೆಚ್ಚು ವರ್ಷಗಳ ಚರಿತ್ರೆಯನ್ನು ಈ ಸೋರಿಕೆಯೊಂದಿಗಿನ ಹೋರಾಟವೆಂದೇ ಓದಬಹುದು ಎಂಬುದು ನನ್ನ ಅಭಿಪ್ರಾಯ. ತತ್ತ್ವವು ಬಹಳ ಹಿಂದೆಯೇ ತಿಳಿದಿತ್ತು. ಒತ್ತಡಕ್ಕೆ ಸಿಕ್ಕ ದ್ರವವನ್ನು ಹಿಡಿದಿಡುವ ಉಪಾಯ ಮಾತ್ರ ತಿಳಿದಿರಲಿಲ್ಲ. ಮನೆಯಲ್ಲಿ ಒಂದು ಜಾಕ್ ಇಟ್ಟುಕೊಂಡವರಿಗೂ, ಮುರಕಲ್ಲಿನ ಗುಡ್ಡ ಅಗೆಯಲು ಜೆಸಿಬಿ ಇರಿಸಿಕೊಂಡವರಿಗೂ, ಮಲ್ಪೆ ಅಥವಾ ಮಂಗಳೂರಿನ ಧಕ್ಕೆಯಲ್ಲಿ ಬೋಟಿನ ವಿಂಚ್ (ಬಲೆ ಎಳೆಯುವ ರಾಟೆ) ನೋಡಿಕೊಳ್ಳುವವರಿಗೂ ಉಪಯೋಗಕ್ಕೆ ಬರಲೆಂದು, ಯಂತ್ರವನ್ನು ಅರ್ಥಮಾಡಿಕೊಳ್ಳುವ ಮತ್ತು ಕಾಪಾಡುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಒಂದು ಗೊಂದಲವನ್ನು ಮೊದಲೇ ಬಿಡಿಸಿಕೊಳ್ಳುವುದು ಒಳ್ಳೆಯದು. ಕುಂದಾಪುರದ ಕಡೆಯ ಹೊಸಂಗಡಿಯಲ್ಲಿ ವಾರಾಹಿಯ ನೀರಿನಿಂದ ವಿದ್ಯುತ್ ತೆಗೆಯುತ್ತಾರಲ್ಲ, ಅಲ್ಲಿ ದುಡಿಯುವುದು ಎತ್ತರದಿಂದ ಬೀಳುವ ನೀರಿನ ವೇಗ. ನಾವು ಇಲ್ಲಿ ಮಾತನಾಡುತ್ತಿರುವುದು ಮುಚ್ಚಿದ ಕೊಳವೆಯೊಳಗೆ ಬಂದಿಯಾಗಿರುವ, ಹೆಚ್ಚು ಚಲಿಸದೆ ಬಲವನ್ನು ದಾಟಿಸುವ ದ್ರವದ ಕುರಿತು.

ಎರಡು ಸಿರಿಂಜ್‌ಗಳಿಂದ ಆರಂಭಿಸಿ

ಮೆಡಿಕಲ್ ಅಂಗಡಿಯಿಂದ ಸೂಜಿ ಇಲ್ಲದ ಒಂದು ಸಣ್ಣ ಮತ್ತು ಒಂದು ದೊಡ್ಡ ಸಿರಿಂಜ್ ತನ್ನಿ. ಅವುಗಳ ಮೂತಿಗೆ ಬಿಗಿಯಾಗಿ ಕೂರುವ, ಮೀನಿನ ತೊಟ್ಟಿಗೆ ಗಾಳಿ ಬಿಡಲು ಬಳಸುವಂತಹ ತೆಳ್ಳಗಿನ ಪ್ಲಾಸ್ಟಿಕ್ ಕೊಳವೆಯೂ ಒಂದಡಿಯಷ್ಟು ಬೇಕು. ಎರಡನ್ನೂ ಕೊಳವೆಯನ್ನೂ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ಒಳಗಿನ ಗಾಳಿಯ ಗುಳ್ಳೆಗಳೆಲ್ಲ ಹೊರಬರುವವರೆಗೆ ಕಾದು, ನೀರಿನೊಳಗೇ ಜೋಡಿಸಿ. ಈಗ ಎರಡೂ ಹಿಡಿಕೆಗಳ ಮೇಲೆ ಒಂದೊಂದು ಹೆಬ್ಬೆರಳನ್ನಿಟ್ಟು ಒತ್ತಿ ನೋಡಿದರೆ, ಸಣ್ಣದರ ಮೇಲಿನ ಬೆರಳು ದೊಡ್ಡದರ ಮೇಲಿನ ಬೆರಳನ್ನು ಸಲೀಸಾಗಿ ಹಿಂದಕ್ಕೆ ತಳ್ಳುವುದು ಕಾಣುತ್ತದೆ.

ಇದರ ಲೆಕ್ಕ ಸರಳ. ಮುಚ್ಚಿದ ದ್ರವದ ಒಂದು ಕಡೆ ಒತ್ತಡವನ್ನು ಏರಿಸಿದರೆ ಆ ಏರಿಕೆಯು ಕುಂದದೆ ದ್ರವದ ಎಲ್ಲ ಭಾಗಕ್ಕೂ ತಲುಪುತ್ತದೆ ಎಂಬುದನ್ನು ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ಕಂಡುಕೊಂಡಿದ್ದನು. ಅವನು ತೀರಿಕೊಂಡ ಮರುವರ್ಷ, 1663ರಲ್ಲಿ, ಆ ಬರಹ ಅಚ್ಚಾಯಿತು. ಒತ್ತಡವು ಎರಡೂ ಕಡೆ ಒಂದೇ ಆದುದರಿಂದ ಯಾವ ಪಿಸ್ಟನ್ನಿನ, ಅಂದರೆ ಕೊಳವೆಯೊಳಗೆ ಸರಿಯುವ ಬಿರಡೆಯ, ಮುಖ ದೊಡ್ಡದೋ ಅದಕ್ಕೆ ಅಷ್ಟು ಹೆಚ್ಚು ಬಲ ದೊರೆಯುತ್ತದೆ. ಸಣ್ಣ ಸಿರಿಂಜಿನ ರಬ್ಬರಿನ ಅಡ್ಡಳತೆ 10 ಮಿ.ಮೀ., ದೊಡ್ಡದರದು 20 ಮಿ.ಮೀ. ಎಂದಿಟ್ಟುಕೊಂಡರೆ ಅಡ್ಡಳತೆ ಎರಡು ಪಟ್ಟಾದರೂ ಮುಖದ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ. ಬಲವೂ ನಾಲ್ಕು ಪಟ್ಟು.

ಆದರೆ ಏನೂ ಬಿಟ್ಟಿಯಾಗಿ ಸಿಗುವುದಿಲ್ಲ ಎನ್ನುವುದನ್ನು ಅದೇ ಸಿರಿಂಜುಗಳು ತೋರಿಸುತ್ತವೆ. ಸಣ್ಣದರಿಂದ 2 ಮಿ.ಲೀ. ನೀರನ್ನು ತಳ್ಳಿ, ದೊಡ್ಡದರ ಮೇಲಿನ ಗುರುತನ್ನು ಓದಿ: ಅಲ್ಲಿಯೂ 2 ಮಿ.ಲೀ. ಹೆಚ್ಚಾಗಿರುತ್ತದೆ. ಈಗ ಸ್ಕೇಲ್ ಹಿಡಿದು ಹಿಡಿಕೆಗಳು ಸರಿದ ಉದ್ದವನ್ನು ಅಳೆಯಿರಿ. ಸಣ್ಣದು ಸುಮಾರು 25 ಮಿ.ಮೀ. ಸರಿದಿದ್ದರೆ ದೊಡ್ಡದು ಆರು ಮಿ.ಮೀ.ಗಿಂತ ಸ್ವಲ್ಪ ಹೆಚ್ಚು ಸರಿದಿರುತ್ತದೆ, ಅಷ್ಟೇ. ಬಲದಲ್ಲಿ ಗಳಿಸಿದ್ದನ್ನು ದೂರದಲ್ಲಿ ಕೊಟ್ಟುಬಿಟ್ಟೆವು. ಶಾಲೆಯಲ್ಲಿ ಸೂತ್ರವನ್ನು ಬಾಯಿಪಾಠ ಮಾಡಿಸುವ ಬದಲು ಮಕ್ಕಳ ಕೈಗೆ ಈ ಎರಡು ಸಿರಿಂಜುಗಳನ್ನು ಕೊಟ್ಟರೆ ಸಾಕೆಂದು ನನಗೆ ಬಹಳ ಸಲ ಅನಿಸಿದೆ.

ಇನ್ನೊಂದು ಪರೀಕ್ಷೆಯನ್ನು ಬಿಡಬಾರದು. ಕೊಳವೆಯೊಳಗೆ ಬೇಕೆಂದೇ ಒಂದಿಂಚಿನಷ್ಟು ಗಾಳಿಯನ್ನು ಸೇರಿಸಿ ಮತ್ತೆ ಒತ್ತಿ. ಹಿಡಿಕೆ ಸ್ಪಂಜಿನಂತೆ ಒಳಗೆ ಹೋಗುತ್ತದೆ, ಆಚೆಯ ತುದಿ ತಡವಾಗಿ ಅಲುಗಾಡುತ್ತದೆ. ದ್ರವವು ಬಹುಮಟ್ಟಿಗೆ ಕುಗ್ಗದು. 100 ಬಾರ್ (ಒಂದು ಬಾರ್ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ) ಒತ್ತಡಕ್ಕೆ ನೀರು ಕುಗ್ಗುವುದು ಶೇಕಡಾ ಅರ್ಧದಷ್ಟು ಮಾತ್ರ. ಗಾಳಿ ಹಾಗಲ್ಲ. ಕಾರಿನ ಬ್ರೇಕ್ ಪೆಡಲ್ ಮೆತ್ತಗಾದಾಗ ಮೆಕ್ಯಾನಿಕ್ ‘ಏರ್ ಹಿಡಿದಿದೆ’ ಎನ್ನುವುದು ಇದನ್ನೇ.

ಬಾಟಲ್ ಜಾಕ್: ಲೆಕ್ಕ ಮತ್ತು ದುರಸ್ತಿ

ಸಿರಿಂಜಿನಿಂದ ಜಾಕ್‌ಗೆ ಬರಲು ಎರಡೇ ವಸ್ತುಗಳನ್ನು ಸೇರಿಸಿದರೆ ಸಾಕು: ಒಂದು ಸನ್ನೆ, ಮತ್ತು ಎಣ್ಣೆಯನ್ನು ಒಂದೇ ದಿಕ್ಕಿಗೆ ಬಿಡುವ ಎರಡು ಗುಂಡಿನ ವಾಲ್ವುಗಳು. ಹಿಡಿಕೆಯನ್ನು ಎತ್ತಿದಾಗ ಮೊದಲ ವಾಲ್ವು ತೆರೆದು ಟ್ಯಾಂಕಿನ ಎಣ್ಣೆ ಪ್ಲಂಜರ್ ಎಂಬ ಸಣ್ಣ ಪಿಸ್ಟನ್ನಿನ ಕೆಳಗೆ ಬರುತ್ತದೆ. ಒತ್ತಿದಾಗ ಅದು ಮುಚ್ಚಿ ಎರಡನೆಯದು ತೆರೆದು ಎಣ್ಣೆ ಭಾರ ಎತ್ತುವ ದೊಡ್ಡ ಪಿಸ್ಟನ್ನಾದ ರ್‍ಯಾಮಿನ ಅಡಿಗೆ ಸೇರುತ್ತದೆ. ಪ್ಲಂಜರ್ 12 ಮಿ.ಮೀ., ರ್‍ಯಾಮ್ 36 ಮಿ.ಮೀ. ಇದ್ದರೆ ಒಂಬತ್ತು ಪಟ್ಟು. ಹಿಡಿಕೆಯ ಉದ್ದ 45 ಸೆಂ.ಮೀ., ಪ್ಲಂಜರಿನ ಪಿನ್ನು ತಿರುಗಣೆಯಿಂದ 3 ಸೆಂ.ಮೀ. ದೂರದಲ್ಲಿದ್ದರೆ ಮತ್ತೆ ಹದಿನೈದು ಪಟ್ಟು. ಒಟ್ಟು 135 ಪಟ್ಟು. ಅಂದರೆ 20 ಕಿಲೋ ಭಾರದಷ್ಟು ಒತ್ತಿದವನು, ಘರ್ಷಣೆಯನ್ನು ಬಿಟ್ಟರೆ, 2,700 ಕಿಲೋ ಎತ್ತುತ್ತಾನೆ. ಪ್ಲಂಜರು ಪ್ರತಿ ಸಲ 25 ಮಿ.ಮೀ. ಇಳಿದರೆ ರ್‍ಯಾಮ್ ಏರುವುದು 3 ಮಿ.ಮೀ.ಗೂ ಕಡಿಮೆ; ಹತ್ತು ಸೆಂಟಿಮೀಟರ್ ಎತ್ತಲು ಸುಮಾರು 36 ಸಲ ಒತ್ತಬೇಕು. ಒಳಗಿನ ಒತ್ತಡವಾದರೋ ಚದರ ಸೆಂಟಿಮೀಟರಿಗೆ 265 ಕಿಲೋ ಮುಟ್ಟಿರುತ್ತದೆ. ಬೆರಳಿನ ಉಗುರಿನಷ್ಟು ಜಾಗದ ಮೇಲೆ ಮೂರು ಅಕ್ಕಿಮೂಟೆಗೂ ಮಿಕ್ಕಿದ ಭಾರ.

ಜಾಕ್ ಸರಿಯಾಗಿ ಏರದಿದ್ದರೆ ಬಿಚ್ಚುವ ಮೊದಲು ಗಾಳಿ ತೆಗೆದು ನೋಡಬೇಕು. ರ್‍ಯಾಮನ್ನು ಪೂರ್ತಿ ಇಳಿಸಿ, ಜಾಕನ್ನು ಸಮತಟ್ಟಾದ ನೆಲದ ಮೇಲೆ ನೆಟ್ಟಗೆ ಇರಿಸಿ, ಪಕ್ಕದ ರಬ್ಬರ್ ಬಿರಡೆಯನ್ನು ತೆಗೆಯಿರಿ. ಎಣ್ಣೆಯು ತೂತಿನ ಕೆಳ ಅಂಚಿನವರೆಗೆ ಇರಬೇಕು. ಕಡಿಮೆಯಿದ್ದರೆ ಜಾಕ್ ಆಯಿಲನ್ನೇ ತುಂಬಿಸಿ. ಬಳಿಕ ಎಣ್ಣೆಯನ್ನು ಟ್ಯಾಂಕಿಗೆ ಮರಳಿಸಿ ಭಾರ ಇಳಿಸುವ ವಾಲ್ವನ್ನು ಒಂದೆರಡು ಸುತ್ತು ಸಡಿಲಿಸಿ, ಹಿಡಿಕೆಯನ್ನು ಹತ್ತು ಹದಿನೈದು ಸಲ ವೇಗವಾಗಿ, ಪೂರ್ತಿ ಎತ್ತಿ ಇಳಿಸಿ. ಸಿಕ್ಕಿಕೊಂಡ ಗಾಳಿ ಟ್ಯಾಂಕಿಗೆ ಮರಳಿ ಬಿರಡೆಯ ತೂತಿನಿಂದ ಹೊರಗೆ ಹೋಗುತ್ತದೆ. ವಾಲ್ವನ್ನು ಬಿಗಿಮಾಡಿ, ರ್‍ಯಾಮನ್ನು ಒಮ್ಮೆ ಏರಿಸಿ ಇಳಿಸಿ, ಎಣ್ಣೆಯ ಮಟ್ಟವನ್ನು ಮತ್ತೆ ನೋಡಿ ಬಿರಡೆ ಹಾಕಿ.

ಇದಾದ ಮೇಲೂ ತೊಂದರೆ ಉಳಿದರೆ ಹಿಡಿಕೆಯೇ ಕಾರಣವನ್ನು ಹೇಳುತ್ತದೆ. ಭಾರ ಹೊತ್ತಾಗ ಹಿಡಿಕೆ ತಾನಾಗಿ ಮೇಲಕ್ಕೇಳುತ್ತಿದ್ದರೆ ಎರಡನೆಯ ಗುಂಡು ಸರಿಯಾಗಿ ಕೂರುತ್ತಿಲ್ಲ. ಹಿಡಿಕೆ ಹಗುರವಾಗಿ ಇಳಿದೂ ಭಾರ ಏಳದಿದ್ದರೆ ಮೊದಲನೆಯ ಗುಂಡಿನ ಕೆಳಗೆ ಕಸ ಕೂತಿರಬಹುದು. ಹಿಡಿಕೆ ಅಲುಗದೆ ಭಾರ ಮಾತ್ರ ನಿಧಾನವಾಗಿ ಇಳಿಯುತ್ತಿದ್ದರೆ ಇಳಿಸುವ ವಾಲ್ವನ್ನೂ ರ್‍ಯಾಮಿನ ಸೀಲನ್ನೂ (ಸಂದಿನಿಂದ ಎಣ್ಣೆ ಸೋರದಂತೆ ತಡೆಯುವ ರಬ್ಬರಿನ ಪಟ್ಟಿ) ನೋಡಬೇಕು.

ಎಣ್ಣೆಯ ವಿಷಯದಲ್ಲಿ ನನ್ನದೇ ಒಂದು ಮೂರ್ಖತನವನ್ನು ಹೇಳಬೇಕು. ಮಳೆಗಾಲದ ಒಂದು ಸಂಜೆ ಪೇಟೆಗೆ ಹೋಗಲು ಸೋಮಾರಿಯಾಗಿ, ಮನೆಯಲ್ಲಿದ್ದ ಬ್ರೇಕ್ ಆಯಿಲನ್ನು ಜಾಕ್‌ಗೆ ಸುರಿದೆ. ಕೆಲವು ವಾರಗಳಲ್ಲಿ ಸೀಲುಗಳು ಉಬ್ಬಿ, ಮೆತ್ತಗಾಗಿ, ರ್‍ಯಾಮ್ ಇಳಿಯಲೊಲ್ಲದು; ಬಿಚ್ಚಿದಾಗ ರಬ್ಬರು ನೆನೆದ ಹಪ್ಪಳದಂತಿತ್ತು. ಸಾಮಾನ್ಯ ಬ್ರೇಕ್ ಆಯಿಲ್ ಖನಿಜ ತೈಲವಲ್ಲ, ಗ್ಲೈಕಾಲ್ ಜಾತಿಯದು, ಮತ್ತು ಎರಡರ ರಬ್ಬರುಗಳೂ ಬೇರೆ. ತಿರುಗುಮುರುಗಾಗಿ, ಬ್ರೇಕಿನ ಡಬ್ಬಿಗೆ ಜಾಕ್ ಆಯಿಲ್ ಅಥವಾ ಎಂಜಿನ್ ಆಯಿಲ್ ಬಿದ್ದರೆ ಅಲ್ಲಿನ ಸೀಲುಗಳು ಕೆಡುತ್ತವೆ. ಆ ತಪ್ಪಿಗೆ ತೆರಬೇಕಾದ ಬೆಲೆ ಒಂದು ಜಾಕಿನದಾಗಿರುವುದಿಲ್ಲ.

ಸೋರಿಕೆಯನ್ನು ಗೆದ್ದವರು

ಪಾಸ್ಕಲನ ಬರಹ ಅಚ್ಚಾದ ಮೇಲೆ ದುಡಿಯುವ ಯಂತ್ರ ಬರಲು 130 ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು. ಲಂಡನ್ನಿನಲ್ಲಿ ಬೀಗಗಳನ್ನು ತಯಾರಿಸುತ್ತಿದ್ದ ಜೋಸೆಫ್ ಬ್ರಾಮಾ 1795ರಲ್ಲಿ ದ್ರವದ ಒತ್ತಡದಿಂದ ವಸ್ತುಗಳನ್ನು ಅದುಮುವ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದನು. ಅವನನ್ನು ಕಾಡಿದ್ದು ಪಿಸ್ಟನ್ನಿನ ಸುತ್ತಲಿನ ಸಂದು: ಬಿಗಿಯಾಗಿ ತುರುಕಿದರೆ ಪಿಸ್ಟನ್ ಸರಿಯದು, ಸಡಿಲ ಬಿಟ್ಟರೆ ನೀರು ನಿಲ್ಲದು. ಬಟ್ಟಲಿನಂತೆ ಮಡಿಚಿದ ಚರ್ಮದ ಪಟ್ಟಿಯಿಂದ ಈ ಒಗಟು ಬಿಡಿಸಿತು, ಮತ್ತು ಅದರ ಕೀರ್ತಿಯನ್ನು ಅವನ ಬಳಿ ಕೆಲಸಕ್ಕಿದ್ದ ಹೆನ್ರಿ ಮಾಡ್ಸ್ಲೆಗೆ ಕೊಡುವುದು ವಾಡಿಕೆ. ಒತ್ತಡ ಏರಿದಷ್ಟೂ ನೀರೇ ಆ ಬಟ್ಟಲಿನ ತುಟಿಯನ್ನು ಅರಳಿಸಿ ಗೋಡೆಗೆ ಒತ್ತುತ್ತದೆ. ಒತ್ತಡವಿಲ್ಲದಾಗ ಅದು ಸಡಿಲಗೊಂಡು ಪಿಸ್ಟನ್ನಿಗೆ ದಾರಿ ಬಿಡುತ್ತದೆ. ಹೊರಗೆ ಹೋಗಲು ಹವಣಿಸುವ ನೀರನ್ನೇ ಬಾಗಿಲು ಕಾಯಲು ನಿಲ್ಲಿಸಿದ ಈ ಉಪಾಯವು ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ತಿರುಳು. ಇಂದು ಅಂಗಡಿಯಲ್ಲಿ ಸಿಗುವ ಸೀಲ್ ಕಿಟ್ಟಿನ ತುಟಿಯಿರುವ ಸೀಲುಗಳೂ ಹೀಗೆಯೇ ಕೆಲಸ ಮಾಡುತ್ತವೆ. ಆದುದರಿಂದ ಸೀಲನ್ನು ಕೂರಿಸುವಾಗ ಬಟ್ಟಲಿನ ಬಾಯಿ ಒತ್ತಡ ಬರುವ ಕಡೆಗೆ ತಿರುಗಿರಬೇಕು. ಹೊಸ ಸೀಲ್ ಹಾಕಿದ ಮರುದಿನವೇ ಸೋರುವ ಸಿಲಿಂಡರ್ ಕಂಡರೆ ನಾನು ಮೊದಲು ಸಂಶಯಪಡುವುದು ತಿರುವಿ ಕೂರಿಸಿದ ಸೀಲನ್ನು.

ಪ್ರೆಸ್ಸಿನ ಬಲವೆಷ್ಟೆಂದು ಜಗತ್ತು ಕಂಡದ್ದು 1849ರಲ್ಲಿ, ವೇಲ್ಸಿನ ಮೆನಾಯ್ ಜಲಸಂಧಿಯ ಮೇಲೆ ಬ್ರಿಟಾನಿಯಾ ರೈಲು ಸೇತುವೆಯನ್ನು ಕಟ್ಟುವಾಗ. ಸಾವಿರ ಟನ್ನಿಗೂ ಹೆಚ್ಚು ತೂಕದ ಕಬ್ಬಿಣದ ಕೊಳವೆಯನ್ನು ಹೈಡ್ರಾಲಿಕ್ ಪ್ರೆಸ್ಸುಗಳು ನೀರಿನ ಮಟ್ಟದಿಂದ ಕಂಬಗಳ ಎತ್ತರಕ್ಕೆ ಏರಿಸುತ್ತಿದ್ದಾಗ ಒಂದು ಪ್ರೆಸ್ಸಿನ ತಳವೇ ಕಿತ್ತುಬಂತು. ಕೊಳವೆಯು ಏರಿದಂತೆಲ್ಲ ಅದರ ಕೆಳಗೆ ಆಧಾರವನ್ನು ಕಟ್ಟುತ್ತ ಬರಬೇಕೆಂದು ಎಂಜಿನಿಯರ್ ರಾಬರ್ಟ್ ಸ್ಟೀಫನ್ಸನ್ ಹಟ ಹಿಡಿದಿದ್ದುದರಿಂದ ಅದು ಕೆಲವೇ ಅಂಗುಲ ಕುಸಿದು ನಿಂತಿತು. ಜಾಕ್ ಹಾಕಿದ ವಾಹನದ ಅಡಿಗೆ ಹೋಗುವವರು ಇದನ್ನು ನೆನಪಿಡಬೇಕು: ಜಾಕ್ ಇರುವುದು ಎತ್ತಲು, ಹೊತ್ತುನಿಲ್ಲಲು ಅಲ್ಲ. ಏರಿಸಿದ ಕೂಡಲೇ ಕಬ್ಬಿಣದ ಸ್ಟ್ಯಾಂಡನ್ನೋ ಗಟ್ಟಿ ಮರದ ದಿಮ್ಮಿಗಳನ್ನೋ ಕೊಟ್ಟು ಭಾರವನ್ನು ಅವುಗಳ ಮೇಲೆ ಇಳಿಸಬೇಕು. ಮುರಕಲ್ಲು ಗಟ್ಟಿಯಾಗಿ ಕಂಡರೂ ಒಂದೇ ಕಡೆ ಭಾರ ಬಿದ್ದರೆ ಸೀಳುತ್ತದೆ. ಅದನ್ನು ಆಧಾರವಾಗಿ ಕೊಡಲೇಬಾರದು. ಟಿಪ್ಪರಿನ ತೊಟ್ಟಿಯನ್ನು ಎತ್ತಿ ಕೆಳಗೆ ಕೆಲಸ ಮಾಡುವಾಗಲೂ ಊರೆ ಕೊಡದೆ ತಲೆ ಹಾಕಬಾರದು.

ಬಳಿಕದ ಕತೆ ಬೇಗ ಸಾಗುತ್ತದೆ. ವಿಲಿಯಂ ಆರ್ಮ್‌ಸ್ಟ್ರಾಂಗ್ 1846ರಲ್ಲಿ ನ್ಯೂಕ್ಯಾಸಲ್‌ನ ಧಕ್ಕೆಯಲ್ಲಿ ಊರಿನ ನಲ್ಲಿನೀರಿನ ಒತ್ತಡದಿಂದಲೇ ನಡೆಯುವ ಕ್ರೇನ್ ನಿಲ್ಲಿಸಿದನು. ಆ ಒತ್ತಡ ನೆಚ್ಚಲಾಗದ್ದೆಂದು ಕಂಡಾಗ, ಭಾರವಾದ ತೂಕವನ್ನು ರ್‍ಯಾಮಿನ ಮೇಲೆ ಹೇರಿ ಒತ್ತಡವನ್ನು ಕೂಡಿಡುವ ಅಕ್ಯುಮ್ಯುಲೇಟರನ್ನು ರೂಪಿಸಿದನು. ಲಂಡನ್ನಿನಲ್ಲಿ 1883ರಿಂದ 1977ರವರೆಗೆ ಒಂದು ಕಂಪನಿಯು ಒತ್ತಡದ ನೀರನ್ನು, ಇಂದು ನಾವು ಕರೆಂಟ್ ಕೊಳ್ಳುವಂತೆ, ಬೀದಿಯಡಿಯ ಕೊಳವೆಗಳಲ್ಲಿ ಮಾರುತ್ತಿತ್ತು. ಲಿಫ್ಟುಗಳೂ ಕ್ರೇನುಗಳೂ ಅದರಿಂದ ನಡೆಯುತ್ತಿದ್ದವು. 1894ರಲ್ಲಿ ತೆರೆದ ಟವರ್ ಸೇತುವೆಯ ಎರಡು ಬಾಹುಗಳನ್ನು ಎತ್ತುತ್ತಿದ್ದುದೂ ನೀರೇ, 1976ರಲ್ಲಿ ಎಣ್ಣೆ ಮತ್ತು ವಿದ್ಯುತ್ತು ಆ ಕೆಲಸಕ್ಕೆ ಬಂದವು. ನೀರು ಚಳಿಗೆ ಹೆಪ್ಪುಗಟ್ಟುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ, ಉಜ್ಜುವ ಭಾಗಗಳಿಗೆ ಜಾರು ಕೊಡುವುದಿಲ್ಲ. ಅಮೆರಿಕದ ಯುದ್ಧನೌಕೆ ವರ್ಜೀನಿಯಾದ ಫಿರಂಗಿಗಳನ್ನು ತಿರುಗಿಸಲು 1906ರಲ್ಲಿ ಎಣ್ಣೆಯ ಹೈಡ್ರಾಲಿಕ್ಸ್ ಬಳಸಿದ್ದು ಈ ಬದಲಾವಣೆಯ ದೊಡ್ಡ ಹೆಜ್ಜೆ. ಡೆನ್ಮಾರ್ಕ್ ಮೂಲದ ನೀಲ್ಸ್ ಕ್ರಿಸ್ಟೆನ್‌ಸನ್ 1939ರಲ್ಲಿ ಅಮೆರಿಕದ ಪೇಟೆಂಟ್ ಪಡೆದ ಓ-ರಿಂಗ್ ಎಂಬ ರಬ್ಬರಿನ ಉಂಗುರದ ಸೀಲು, ಚರ್ಮದ ಕಾಲವನ್ನು ಬಹುಪಾಲು ಮುಗಿಸಿತು. ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಎಂಬವರ ಕಂಪನಿಯು 1953ರಲ್ಲಿ ಮುಂದೆ ಮೊರದಂತಹ ಬಕೆಟ್, ಹಿಂದೆ ಅಗೆಯುವ ಕೈ ಇರುವ ಯಂತ್ರವನ್ನು ತಂದಿತು. ಆ ಹೆಸರಿನ ಮೂರು ಮೊದಲಕ್ಷರಗಳು ಇಂದು ನಮ್ಮೂರಿನಲ್ಲಿ ಯಾವ ಕಂಪನಿಯ ಅಗೆಯುವ ಯಂತ್ರಕ್ಕಾದರೂ ಸಲ್ಲುವ ಹೆಸರಾಗಿಬಿಟ್ಟಿವೆ.

ದೊಡ್ಡ ಯಂತ್ರವನ್ನು ಓದುವುದು

ಜೆಸಿಬಿಯ ಮುಂದೆ ನಿಂತು ನೋಡುವಾಗ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ: ಪಂಪು ಕೊಡುವುದು ಹರಿವನ್ನು, ಒತ್ತಡವನ್ನು ಹುಟ್ಟಿಸುವುದು ಎದುರಾದ ಭಾರ. ಬಕೆಟ್ ಗಾಳಿಯಲ್ಲಿ ಆಡುವಾಗ ಗೇಜಿನ ಮುಳ್ಳು ಕೆಳಗೇ ಇರುತ್ತದೆ, ಅದು ಕಲ್ಲಿಗೆ ತಾಗಿದಾಗ ಮುಳ್ಳು ಮೇಲೇರುತ್ತದೆ. ಬಲವು ಒತ್ತಡದಿಂದ, ವೇಗವು ಹರಿವಿನಿಂದ. ಯಂತ್ರಕ್ಕೆ ಬಲವಿದ್ದೂ ನಿಧಾನವಾಗಿದ್ದರೆ ಪಂಪು, ಫಿಲ್ಟರ್, ಎಣ್ಣೆಯ ಮಟ್ಟವನ್ನು ನೋಡಬೇಕು; ವೇಗವಿದ್ದೂ ಭಾರ ಎತ್ತದಿದ್ದರೆ ರಿಲೀಫ್ ವಾಲ್ವನ್ನೂ ಒಳಗಿನ ಸೋರಿಕೆಯನ್ನೂ ನೋಡಬೇಕು. ರಿಲೀಫ್ ವಾಲ್ವು ಎಂದರೆ ಕುಕ್ಕರಿನ ವೆಯ್ಟ್ ಇದ್ದಂತೆ. ಮಿತಿಗಿಂತ ಹೆಚ್ಚಾದ ಒತ್ತಡವನ್ನು ಟ್ಯಾಂಕಿಗೆ ಬಿಟ್ಟುಬಿಡುತ್ತದೆ. ಹೆಚ್ಚು ಭಾರ ಎತ್ತಲೆಂದು ಅದನ್ನು ಬಿಗಿಮಾಡುವುದು ಕುಕ್ಕರಿನ ವೆಯ್ಟಿನ ಮೇಲೆ ಕಲ್ಲಿಟ್ಟಂತೆಯೇ.

ಲೆಕ್ಕ ಹಾಕುವುದಾದರೆ, ಒಳ ಅಡ್ಡಳತೆ 100 ಮಿ.ಮೀ. ಇರುವ ಸಿಲಿಂಡರಿನ ಮುಖ 78.5 ಚದರ ಸೆಂ.ಮೀ.; 200 ಬಾರ್ ಒತ್ತಡದಲ್ಲಿ ಅದು ಸುಮಾರು 16 ಟನ್ ತಳ್ಳುತ್ತದೆ. ಒಳಕ್ಕೆ ಎಳೆದುಕೊಳ್ಳುವಾಗ 60 ಮಿ.ಮೀ. ರಾಡು ಆ ಮುಖದ ಒಂದು ಪಾಲನ್ನು ನುಂಗಿರುವುದರಿಂದ ಬಲ ಹತ್ತು ಟನ್ನಿನ ಆಸುಪಾಸಿಗೆ ಇಳಿಯುತ್ತದೆ, ಬದಲಿಗೆ ವೇಗ ಹೆಚ್ಚುತ್ತದೆ.

ಉಪ್ಪುಗಾಳಿ, ಮಳೆ ಮತ್ತು ಎಣ್ಣೆ

ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಸೋರಿಕೆಗೆ ಇನ್ನೊಂದು ಮುಖವಿದೆ: ಎಣ್ಣೆ ಹೊರಗೆ ಹೋಗುವುದಕ್ಕಿಂತ ನೀರು ಒಳಗೆ ಬರುವುದು ಹೆಚ್ಚು ಕೇಡಿನದು. ಟ್ಯಾಂಕಿನ ಉಸಿರಾಟಕ್ಕೆ ಒಂದು ಬ್ರೀದರ್ ಇರುತ್ತದೆ. ಹಗಲು ಬಿಸಿಯಾದ ಯಂತ್ರ ರಾತ್ರಿ ತಣಿದಾಗ ಅದರ ಮೂಲಕ ತೇವದ ಗಾಳಿ ಒಳಬಂದು, ಟ್ಯಾಂಕಿನ ಮೇಲ್ಭಾಗದಲ್ಲಿ ಹನಿಗಟ್ಟಿ ಎಣ್ಣೆಗೆ ಇಳಿಯುತ್ತದೆ. ಇದನ್ನು ತಡೆಯಲು ನಿಂತ ಯಂತ್ರದ ಟ್ಯಾಂಕನ್ನು ಮೇಲಿನ ಗುರುತಿನವರೆಗೆ ತುಂಬಿಸಿಡಬೇಕು, ಬ್ರೀದರನ್ನು ಸಮಯಕ್ಕೆ ಸರಿಯಾಗಿ ಬದಲಿಸಬೇಕು, ಮತ್ತು ಬೆಳಗ್ಗೆ ಯಂತ್ರವನ್ನು ಚಾಲೂ ಮಾಡುವ ಮೊದಲು ತಳದ ಬಿರಡೆಯನ್ನು ತುಸು ಸಡಿಲಿಸಿ ಕೆಳಗೆ ನಿಂತ ನೀರನ್ನು ಇಳಿಸಬೇಕು.

ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ಒಂದು ಗಾಜಿನ ಬಾಟಲಿಯಲ್ಲಿ ಹಿಡಿದಿಡಿ. ಗಾಳಿಯಿಂದಾದ ಬಿಳುಪು ಸ್ವಲ್ಪ ಹೊತ್ತಿನಲ್ಲಿ ತಿಳಿಯಾಗುತ್ತದೆ, ನೀರಿನಿಂದಾದದ್ದು ಉಳಿಯುತ್ತದೆ. ಇನ್ನೂ ಸಂಶಯವಿದ್ದರೆ ಅಡುಗೆಗೆ ಬಳಸದ ಹಳೆಯ ಕಾವಲಿಯನ್ನು ಹೊರಗೆ ಬಿಸಿಮಾಡಿ, ಒಲೆಯಿಂದ ಇಳಿಸಿ, ದೂರ ನಿಂತು ಎರಡು ಹನಿ ಹಾಕಿ. ಒಗ್ಗರಣೆಯಂತೆ ಚಟಪಟ ಸಿಡಿದರೆ ನೀರಿದೆ. ಅಂತಹ ಎಣ್ಣೆಯನ್ನು ಪೂರ್ತಿ ಬದಲಿಸುವುದೇ ದಾರಿ. ತೆಗೆದ ಎಣ್ಣೆಯನ್ನು ಬಾವಿಯ ಕಡೆಗೋ ತೋಡಿಗೋ ಚೆಲ್ಲದೆ ಹಳೆ ಎಣ್ಣೆ ಕೊಳ್ಳುವವರಿಗೆ ಕೊಡಿ.

ಸಿಲಿಂಡರಿನಿಂದ ಹೊರಚಾಚಿರುವ ಹೊಳೆಯುವ ರಾಡಿನ ಮೇಲೆ ಕ್ರೋಮಿಯಂ ಲೇಪವಿದ್ದರೂ ಉಪ್ಪುಗಾಳಿಗೆ ಅದು ಚುಕ್ಕೆಚುಕ್ಕೆಯಾಗಿ ತುಕ್ಕು ಹಿಡಿಯುತ್ತದೆ, ಮತ್ತು ಆ ಒರಟು ಚುಕ್ಕೆಗಳು ಪ್ರತಿ ಚಲನೆಯಲ್ಲೂ ಸೀಲಿನ ತುಟಿಯನ್ನು ಅರದಂತೆ ಕೆರೆಯುತ್ತವೆ. ಆದುದರಿಂದ ಯಂತ್ರವನ್ನು ನಿಲ್ಲಿಸುವಾಗ ಸಾಧ್ಯವಾದಷ್ಟು ರಾಡುಗಳನ್ನು ಒಳಕ್ಕೆಳೆದು ಇಡಬೇಕು. ಹೊರಗೇ ಉಳಿಯುವ ರಾಡನ್ನು ಸಿಹಿನೀರಿನ ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ತೆಳ್ಳಗೆ ಗ್ರೀಸ್ ಸವರಬೇಕು. ಮತ್ತೆ ಓಡಿಸುವ ಮೊದಲು ಆ ಗ್ರೀಸನ್ನು ಒರೆಸಿ ತೆಗೆಯಬೇಕು, ಏಕೆಂದರೆ ಅದಕ್ಕೆ ಅಂಟಿದ ಮರಳು ಸೀಲಿನೊಳಗೆ ಹೋಗುತ್ತದೆ. ಎಣ್ಣೆ ತುಂಬಿಸುವ ಬಾಯಿಯನ್ನು ಬನಿಯನ್ ವೇಸ್ಟಿನಿಂದ ಒರೆಸುವ ಅಭ್ಯಾಸವನ್ನೂ ಬಿಡಬೇಕು. ಅದರ ಎಳೆಗಳು ಟ್ಯಾಂಕಿಗೆ ಬೀಳುತ್ತವೆ, ವಾಲ್ವಿನ ಒಳಗಿನ ಸಂದಾದರೋ ಕೂದಲಿಗಿಂತ ಎಷ್ಟೋ ಕಿರಿದು.

ಹೋಸ್ ಪೈಪಿನಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದಾಗ ಎಣ್ಣೆ ಕಣ್ಣಿಗೆ ಕಾಣದಷ್ಟು ಸಣ್ಣ ಚಿಲುಮೆಯಾಗಿ ಚಿಮ್ಮುತ್ತದೆ. ಅದನ್ನು ಎಂದಿಗೂ ಕೈಯಿಂದ ಹುಡುಕಬೇಡಿ; ಒಂದು ರಟ್ಟಿನ ತುಂಡನ್ನು ಪೈಪಿನ ಉದ್ದಕ್ಕೂ ಆಡಿಸಿ, ಎಲ್ಲಿ ಕಲೆಯಾಗುತ್ತದೋ ನೋಡಿ. ಚಿಲುಮೆ ಚರ್ಮವನ್ನು ತೂರಿ ಒಳಗೆ ಹೋದರೆ ಹೊರಗೆ ಕಾಣುವುದು ಇರುವೆ ಕಚ್ಚಿದಷ್ಟು ಗಾಯ, ನೋವೂ ಮೊದಮೊದಲು ಅಲ್ಪ. ಆದರೆ ಒಳಗೆ ಮಾಂಸ ಕೊಳೆಯತೊಡಗಿ ಬೆರಳನ್ನೇ ಕತ್ತರಿಸುವ ಪ್ರಸಂಗ ಬರುತ್ತದೆ. ಮುಲಾಮು ಹಚ್ಚಿ ಮಲಗದೆ ತಕ್ಷಣ ದೊಡ್ಡಾಸ್ಪತ್ರೆಗೆ ಹೋಗಿ, ಒತ್ತಡದ ಎಣ್ಣೆ ಒಳಹೊಕ್ಕಿದೆಯೆಂದು ಬಾಯಿಬಿಟ್ಟು ಹೇಳಬೇಕು. ಕೀಲುಗಳನ್ನು ಬಿಚ್ಚುವಾಗಲೂ ಇದೇ ಎಚ್ಚರ ಬೇಕು: ಬಕೆಟ್ಟನ್ನು ನೆಲಕ್ಕಿಳಿಸಿ, ಎಂಜಿನ್ ನಿಲ್ಲಿಸಿ, ಲಿವರುಗಳನ್ನು ನಾಲ್ಕೈದು ಸಲ ಎಲ್ಲ ಕಡೆಗೂ ಆಡಿಸಿ, ಉಳಿದ ಒತ್ತಡವನ್ನು ಕಳೆದ ಮೇಲಷ್ಟೇ ಸ್ಪ್ಯಾನರ್ ಹಾಕಬೇಕು.

ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ 61 ದಿನಗಳು ಬೋಟಿನ ಹೈಡ್ರಾಲಿಕ್ ಸ್ಟಿಯರಿಂಗ್ ಮತ್ತು ವಿಂಚ್‌ಗಳಿಗೆ ಒಳ್ಳೆಯ ಪರೀಕ್ಷೆ, ಏಕೆಂದರೆ ದುಡಿಯುವ ಯಂತ್ರಕ್ಕಿಂತ ತೇವದಲ್ಲಿ ಸುಮ್ಮನೆ ನಿಂತ ಯಂತ್ರ ಬೇಗ ಕೆಡುತ್ತದೆ. ಆಗಸ್ಟಿನಲ್ಲಿ ಮತ್ತೆ ಚಾಲೂ ಮಾಡುವಾಗ ಮೊದಲು ಟ್ಯಾಂಕಿನ ತಳದ ನೀರನ್ನು ಇಳಿಸಿ, ಎಣ್ಣೆಯ ಮಟ್ಟ ನೋಡಿ, ರಾಡುಗಳನ್ನು ಒರೆಸಿ. ಬಳಿಕ ಬಲೆಯ ಭಾರವಿಲ್ಲದೆ, ಎಂಜಿನನ್ನು ನಿಧಾನದಲ್ಲಿಟ್ಟು ವಿಂಚನ್ನು ಎರಡೂ ಕಡೆಗೆ ಹತ್ತು ನಿಮಿಷ ತಿರುಗಿಸಿ. ಪಂಪು ಗುಂಯ್‌ಗುಟ್ಟಿದರೆ ಅಥವಾ ಟ್ಯಾಂಕಿನಲ್ಲಿ ನೊರೆ ಎದ್ದರೆ ಎಣ್ಣೆ ಎಳೆದುಕೊಳ್ಳುವ ಪೈಪಿನ ಯಾವುದೋ ಕೀಲಿನಿಂದ ಗಾಳಿ ಸೇರುತ್ತಿದೆ. ಅಲ್ಲಿ ಎಣ್ಣೆ ಹೊರಗೆ ಜಿನುಗದಿರುವುದರಿಂದ ಕಣ್ಣಿಗೆ ಕಾಣದು. ಅಂತಹ ಪ್ರತಿಯೊಂದು ಕೀಲಿಗೂ ಸ್ವಲ್ಪ ಎಣ್ಣೆ ಸುರಿಯುತ್ತ ಬನ್ನಿ. ಯಾವ ಕೀಲಿಗೆ ಸುರಿದಾಗ ಸದ್ದು ಕ್ಷಣಕಾಲ ನಿಲ್ಲುತ್ತದೋ, ಬಿಗಿಮಾಡಬೇಕಾದದ್ದು ಅದನ್ನೇ.